ರಾಣಿಯ ಕಾಲದ ಪ್ರಣಯಕಥೆಗಳು

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಗಳಿಗೆ ಬಡತನವಿಲ್ಲ. ವಿಜಯನಗರದ ರಾಯರು, ಚಿತ್ರದುರ್ಗದ ನಾಯಕರು, ಮರಾಠರ ವೀರರು, ರಜಪೂತರ ರಮಣಿಯರು ಕಾದಂಬರಿಕಾರರ ಲೇಖನಿಯಲ್ಲಿ ಮತ್ತೆ ಮತ್ತೆ ಹುಟ್ಟಿ ಬಂದಿರುವರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ಕರೆತಂದರು. ಗಳಗನಾಥರು ಹರಿ ನಾರಾಯಣ ಆಪಟೆಯವರ ಕಥೆಗಳನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದರಲ್ಲದೆ, 1923ರಲ್ಲಿ ‘ಮಾಧವ ಕರುಣಾವಿಲಾಸ’ವನ್ನು ಬರೆದು ವಿಜಯನಗರದ ಉದಯಕಾಲವನ್ನು ಓದುಗರ ಕಣ್ಣಮುಂದೆ ನಿಲ್ಲಿಸಿದರು. ಆದರೆ 1837ರಿಂದ 1901ರ ವರೆಗಿನ ಒಂದು ಕಾಲಖಂಡವನ್ನು ಮಾತ್ರ ಹೆಚ್ಚಿನ ಕಾದಂಬರಿಕಾರರು ದಾಟಿಯೇ ಹೋಗಿರುವರು. ವಿಕ್ಟೋರಿಯಾ ಮಹಾರಾಣಿಯು ಸಿಂಹಾಸನದ ಮೇಲಿದ್ದ ಆ ಅರವತ್ತುಮೂರು ವರ್ಷಗಳಲ್ಲಿ ಮೊದಲಿನ ಪಾಲು ಕಂಪನಿ ಸರಕಾರದ್ದು, ಉಳಿದದ್ದು ರಾಣಿ ಸರಕಾರದ್ದು. ಆ ಕಾಲದಲ್ಲಿ ಕನ್ನಡ ನಾಡಿನ ಹೆಣ್ಣುಗಂಡುಗಳು ಒಲಿಯಲಿಲ್ಲವೆ? ಒಲಿದು ಅಳಲಿಲ್ಲವೆ?

ಇಂಗ್ಲಿಷಿನಲ್ಲಿ ಸಂಗತಿ ಇದಕ್ಕೆ ತೀರ ವಿರುದ್ಧವಾಗಿರುವದು. ಅಲ್ಲಿ ರಾಣಿಯ ಕಾಲವನ್ನೇ ರಂಗಭೂಮಿಯಾಗಿ ಮಾಡಿಕೊಂಡ ಪ್ರಣಯಕಾದಂಬರಿಗಳು ರಾಶಿಗಟ್ಟಲೆ ಹೊರಬೀಳುವವು. ಮಂಜು ಮುಸುಕಿದ ಲಂಡನ್ನಿನ ಬೀದಿ, ಗ್ಯಾಸಿನ ದೀಪ, ಡ್ಯೂಕನ ಮಹಲಿನ ನೃತ್ಯಶಾಲೆ, ಅರಗಿನ ಮುದ್ರೆಯೊತ್ತಿದ ಪತ್ರ, ಬಡ ಉಪಾಧ್ಯಾಯಿನಿಯೊಬ್ಬಳು, ಹೆಮ್ಮೆಯ ಸಿರಿವಂತನೊಬ್ಬನು: ಇಷ್ಟು ಸಾಮಗ್ರಿ ಇದ್ದರೆ ಅಡಿಗೆ ಸಿದ್ಧವಾದಂತೆಯೇ. ಇವುಗಳಲ್ಲಿ ಕೆಲವು ಸೊಗಸಾಗಿಲ್ಲದಿಲ್ಲ. ಆದರೆ ಹೆಚ್ಚಿನವುಗಳ ದೋಷವು ಒಂದೇ. ನಾಯಕಿಯ ಉಡುಪು 1860ರದು, ಎದೆ ಈಗಿನದು. ಅವಳ ದಾರಿಗೆ ಅಡ್ಡವಾದ ಕಟ್ಟಳೆಗಳು ನಿಜವಾದ ಕಟ್ಟಳೆಗಳಲ್ಲ, ಕಥೆಯನ್ನು ಉದ್ದ ಮಾಡುವ ನೆಪಗಳು. ಕೊನೆಯ ಪ್ರಕರಣದಲ್ಲಿ ಡ್ಯೂಕನು ಮನಸ್ಸು ಮಾಡಿದ ಕೂಡಲೆ ಅವೆಲ್ಲ ಗಾಳಿಗೆ ಸಿಕ್ಕ ಅರಳೆಯಂತೆ ಹಾರಿಹೋಗುವವು. ಇದಕ್ಕೆ ಹೊರತಾದದ್ದು ಜಾನ್ ಫೌಲ್ಸನು 1969ರಲ್ಲಿ ಪ್ರಕಟಿಸಿದ ‘ದಿ ಫ್ರೆಂಚ್ ಲೆಫ್ಟಿನಂಟ್ಸ್ ವುಮನ್’ ಎಂಬ ಕಾದಂಬರಿ. ಅವನು 1867ರ ಕಥೆಯನ್ನು ಹೇಳುತ್ತಲೇ ತಾನು ಇಪ್ಪತ್ತನೆಯ ಶತಮಾನದವನೆಂಬದನ್ನು ಮರೆಮಾಚುವದಿಲ್ಲ. ಒಂದೇ ಕಥೆಗೆ ಬೇರೆ ಬೇರೆ ಮುಕ್ತಾಯಗಳನ್ನು ಕೊಟ್ಟು, ಸುಖಾಂತವು ಎಷ್ಟು ಅಗ್ಗವಾಗಬಲ್ಲದೆಂಬದನ್ನು ತೋರಿಸುವನು.

ಗದಗ ತಾಲೂಕಿನ ಕೋಟುಮಚಗಿಯಲ್ಲಿ ಕುಳಿತು ಇಂಥದೊಂದು ಕಾದಂಬರಿಯನ್ನು ಬರೆಯಲೆಳಸುವ ತರುಣ ಲೇಖಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಕಿಟಕಿಯ ಹೊರಗೆ ಎರೆಹೊಲ. ಮೇಜಿನ ಮೇಲೆ ಲಂಡನ್ನಿನ ಡ್ಯೂಕನ ಕಥೆ. ಅವನು ಯಾವದನ್ನು ನೋಡಿ ಬರೆಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಒಂದು ಒರೆಗಲ್ಲು ಬೇಕು. ಪ್ರಣಯವು ಎಲ್ಲ ಕಾಲಕ್ಕೂ ಒಂದೇ ಎಂದು ಹೇಳುವದುಂಟು. ಅದು ಅರ್ಧ ಸತ್ಯ. ಒಲವು ಒಂದೇ ಇರಬಹುದು. ಅದಕ್ಕೆ ತೆರಬೇಕಾದ ಬೆಲೆಯು ಕಾಲಕಾಲಕ್ಕೆ, ಕುಲಕುಲಕ್ಕೆ ಬೇರೆಯಾಗುವದು. ಆ ಬೆಲೆಯನ್ನು ಯಾರು ತೆತ್ತರು, ಎಷ್ಟು ತೆತ್ತರು ಎಂಬದನ್ನು ತಪ್ಪಿಲ್ಲದೆ ತಿಳಿಸುವ ಪ್ರಣಯಕಥೆಯೇ ಐತಿಹಾಸಿಕವೆನಿಸುವದು. ಉಳಿದದ್ದು ವೇಷ.

ಈ ಒರೆಗಲ್ಲಿಗೆ ಮೊದಲು ಹಚ್ಚತಕ್ಕ ಗ್ರಂಥವು ಕನ್ನಡ ನಾಡಿನ ಗಾಳಿಯನ್ನು ಉಂಡ ಒಬ್ಬ ಆಂಗ್ಲನದು. ಫಿಲಿಪ್ ಮೆಡೋಸ್ ಟೇಲರನು ನಿಜಾಮನ ಸೇವೆಯಲ್ಲಿದ್ದು, 1841ರಿಂದ 1853ರ ವರೆಗೆ ಸುರಪುರ ಸಂಸ್ಥಾನದ ಕಾರಭಾರವನ್ನು ನೋಡಿಕೊಂಡವನು. ಅಲ್ಲಿಯ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿರುವದು. ಅವನು 1657, 1757, 1857 ಹೀಗೆ ನೂರು ನೂರು ವರ್ಷಗಳ ಅಂತರದ ಮೂರು ಕಾದಂಬರಿಗಳನ್ನು ಬರೆದನು: ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872). ಕೊನೆಯದರ ನಾಯಕಿ ಸೀತೆಯು ಹಿಂದೂ ವಿಧವೆ, ನಾಯಕ ಸಿರಿಲ್ ಬ್ರಾಂಡನ್ ಆಂಗ್ಲ ಅಧಿಕಾರಿ. ದಂಗೆಯ ಕಾಲದಲ್ಲಿ ಇವರಿಬ್ಬರೂ ಒಲಿದು ಮದುವೆಯಾಗುವರು. ದಂಗೆಯಾಗಿ ಹದಿನೈದು ವರ್ಷಗಳೂ ಸರಿಯಾಗಿ ಕಳೆಯದ ಆ ದಿನಗಳಲ್ಲಿ, ಆಂಗ್ಲರ ಸಿಟ್ಟು ಇನ್ನೂ ಆರದಿರುವಾಗ, ಭಾರತೀಯ ಸ್ತ್ರೀಯನ್ನು ವಿದ್ಯಾವತಿಯಾಗಿ, ಧೀರೆಯಾಗಿ, ಆಂಗ್ಲನ ಧರ್ಮಪತ್ನಿಯಾಗಿ ಚಿತ್ರಿಸಿದ್ದು ಸಣ್ಣ ಸಾಹಸವಲ್ಲ. ಈ ಧೈರ್ಯಕ್ಕೆ ಮನೆಯ ಕಾರಣವೂ ಇದ್ದಿತು. ಟೇಲರನ ಹೆಂಡತಿಯು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಮೊಗಲ ಮನೆತನದ ಹೆಣ್ಣು.

ಆದರೂ ಕಥೆಯ ಕೊನೆಯಲ್ಲಿ ಆಗುವದೇನು? ಗಂಡನಿಗೆ ಬೀಳಬೇಕಾದ ಪೆಟ್ಟಿಗೆ ಸೀತೆಯು ತನ್ನ ಮೈಯೊಡ್ಡಿ ಸಾಯುವಳು. ಬ್ರಾಂಡನ್ನನು ಮುಂದೆ ತನ್ನ ಜಾತಿಯ ಕನ್ಯೆಯನ್ನೇ ಮದುವೆಯಾಗುವನು. ಹೀಗೆ ಕಾದಂಬರಿಕಾರನು ತಾನೇ ಕಟ್ಟಿದ ಬಿಗಿಯಾದ ಗಂಟನ್ನು ಬಿಚ್ಚದೆ ಕತ್ತರಿಸಿಬಿಟ್ಟನು. ಸೀತೆ ಬದುಕಿದ್ದರೆ ಅವಳನ್ನು ಇಂಗ್ಲಂಡಿನ ಯಾವ ಪಡಸಾಲೆಯಲ್ಲಿ ಕೂಡ್ರಿಸುತ್ತಿದ್ದರು? ಅವಳ ಮಕ್ಕಳು ಯಾರ ಹೆಸರು ಹೊರುತ್ತಿದ್ದರು? ಈ ಪ್ರಶ್ನೆಗಳಿಗೆ ಹೆದರಿ ಲೇಖಕನು ನಾಯಕಿಯನ್ನು ಪತಿವ್ರತೆಯಾಗಿಸಿ ಸ್ವರ್ಗಕ್ಕೆ ಕಳುಹಿದನೆಂದರೆ ತಪ್ಪಾಗದು. ಬೆಲೆಯನ್ನೆಲ್ಲ ಅವಳೇ ತೆತ್ತಳು. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಟೇಲರನ ಬಾಳಿನ ಅತ್ಯಂತ ಕರುಣಾಜನಕ ಕಥೆಯು ಸುರಪುರದ್ದೇ. ಅವನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬಂಡೆದ್ದು ಸೆರೆ ಸಿಕ್ಕು, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ಮಡಿದನು. ಇದನ್ನು ಟೇಲರನು ಯಾವ ಕಾದಂಬರಿಯಲ್ಲಿಯೂ ಬರೆಯಲಿಲ್ಲ. ಅವನು ತೀರಿಹೋದ ಮರುವರ್ಷ, 1877ರಲ್ಲಿ ಬೆಳಕು ಕಂಡ ಆತ್ಮಚರಿತ್ರೆಯಲ್ಲಿ ಬರೆದನು. ಕಲ್ಪಿತ ಊರಿನ ಸೀತೆಯ ಸಾವಿಗಿಂತ ಆ ಪುಟಗಳು ಓದುಗರ ಎದೆಯನ್ನು ಹೆಚ್ಚು ಹಿಂಡುವವು. ಅಲ್ಲಿ ಲೇಖಕನೂ ಬೆಲೆಯಲ್ಲಿ ಪಾಲುಗಾರನಾಗಿರುವದೇ ಇದರ ಕಾರಣ.

ಸೀತೆಯ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕಾದವಳು ಇಂದಿರೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ, ರಾಣಿಯು ಇನ್ನೂ ಬದುಕಿರುವಾಗಲೇ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಆದುದರಿಂದ ಅದು ಐತಿಹಾಸಿಕ ಕಾದಂಬರಿಯಲ್ಲ. ತನ್ನ ಕಾಲದ ಕಥೆ. ಆದರೆ ಆ ಕಾಲದ ಬಗ್ಗೆ ಬರೆಯುವವನಿಗೆ ಅದು ಕೈದೀವಿಗೆ. ಇಂದಿರೆಯೂ ವಿಧವೆ. ಅವಳು ಹುಟ್ಟಿದ ಮನೆಯನ್ನು ಬಿಟ್ಟು ಅಮೃತರಾಯನ ಆಶ್ರಯಕ್ಕೆ ಬಂದು, ಓದು ಕಲಿತು, ವಿಲಾಯತಿಗೆ ಹೋಗಿ ಬಂದ ಭಾಸ್ಕರರಾಯನನ್ನು ವರಿಸುವಳು. ಕಲೆಯ ದೃಷ್ಟಿಯಿಂದ ಈ ಕೃತಿಯಲ್ಲಿ ಓರೆಕೋರೆಗಳು ಹಲವು. ಉಪದೇಶವು ಕಥೆಯ ಮೇಲೆ ಹತ್ತಿ ಕುಳಿತಿರುವದು. ಆದರೂ ಟೇಲರನು ಕೈಬಿಟ್ಟ ಕೆಲಸವನ್ನು ಗುಲ್ವಾಡಿಯವರು ಮಾಡಿದರು: ವಿಧವೆಯನ್ನು ಬದುಕಗೊಟ್ಟರು. ಅವಳು ಮನೆ ಬಿಟ್ಟ ಮೇಲೆ ಉಣ್ಣುವದೆಲ್ಲಿ, ಕಲಿಯುವದು ಯಾರಲ್ಲಿ, ಜಾತಿಯವರು ಅನ್ನುವದೇನು ಎಂಬ ಒಣ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಪ್ರಣಯದ ರಸವು ಈ ಒಣ ಪ್ರಶ್ನೆಗಳ ಬೇರಿನಿಂದಲೇ ಮೇಲೇರುವದೆಂಬದನ್ನು ಹೊಸ ಲೇಖಕರು ಇಲ್ಲಿ ಕಲಿಯಬಹುದು.

ಇದಕ್ಕೆ ಕಾನೂನಿನ ತಿಳಿವಳಿಕೆಯೂ ಬೇಕು. ವಿಧವಾ ವಿವಾಹಕ್ಕೆ ಸಮ್ಮತಿ ಕೊಟ್ಟ ಕಾಯಿದೆಯು ಬಂದದ್ದು 1856ರಲ್ಲಿ. ಆದರೆ ಅದೇ ಕಾಯಿದೆಯ ಎರಡನೆಯ ಕಲಮಿನ ಪ್ರಕಾರ, ಮರುಮದುವೆಯಾದ ಹೆಣ್ಣು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುವಳು. ಒಂದು ಕೈಯಿಂದ ತಾಳಿ, ಇನ್ನೊಂದು ಕೈಯಿಂದ ಹೊಲ. ಒಲಿದವನೊಡನೆ ಹೋಗಬೇಕೆ, ಎಂಟೆತ್ತಿನ ಹೊಲವನ್ನು ಬಿಡಬೇಕೆ ಎಂದು ತೂಗುವ ಹೆಣ್ಣಿನ ಒಂದು ರಾತ್ರಿಯಲ್ಲಿ ಇಡಿಯ ಕಾದಂಬರಿಯೇ ಅಡಗಿರುವದು. ಇನ್ನು, ಧಾರವಾಡದ ಸೀಮೆಯಲ್ಲಿ ಎಲ್ಲ ವಿಧವೆಯರಿಗೂ ಮರುಮದುವೆ ನಿಷಿದ್ಧವಾಗಿತ್ತೆಂದು ತಿಳಿಯುವದೂ ತಪ್ಪು. ಒಕ್ಕಲುತನದ ಹಲವು ಮನೆತನಗಳಲ್ಲಿ ಉಡಿಕೆಯ ಪದ್ಧತಿಯು ಕಾಯಿದೆಗಿಂತ ಎಷ್ಟೋ ಮೊದಲಿನಿಂದ ಇದ್ದಿತು. ಅಲ್ಲಿ ಅಡ್ಡಿಯು ಮದುವೆಗಲ್ಲ, ಮರ್ಯಾದೆಗೆ: ಉಡಿಕೆಯಾದವಳಿಗೆ ಮೊದಲ ಲಗ್ನದವಳ ಮಾನವು ದೊರೆಯುತ್ತಿರಲಿಲ್ಲ. ಯಾವ ಕುಲದ ನಾಯಕಿ ಎಂಬದನ್ನು ನಿರ್ಧರಿಸದೆ ಅವಳ ದುಃಖವನ್ನು ಬರೆಯಲಾಗದು.

ರಖಮಾಬಾಯಿಯ ಮೊಕದ್ದಮೆಯನ್ನೂ ಇಲ್ಲಿ ನೆನೆಯಬೇಕು. ಎಳೆತನದಲ್ಲಿ ಮದುವೆಯಾದ ಆ ಹೆಣ್ಣು ಗಂಡನ ಮನೆಗೆ ಹೋಗಲಾರೆನೆಂದಾಗ ಅವನು 1884ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಮೊದಲ ತೀರ್ಪು ಅವಳ ಕಡೆಗಾಯಿತು; 1887ರಲ್ಲಿ ಮಾತ್ರ, ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಆಜ್ಞೆಯಾಯಿತು. ಅವಳು ಸೆರೆಮನೆಯೇ ಲೇಸೆಂದಳು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿಗಳಿಗೆ ರಾಜಿಯಾಗಿ, ಅವಳು ಮುಂದೆ ಲಂಡನ್ನಿನಲ್ಲಿ ಓದಿ ಡಾಕ್ಟರಳಾದಳು. ಧಾರವಾಡ ಜಿಲ್ಲೆಯೂ ಆಗ ಮುಂಬಯಿ ಇಲಾಖೆಯಲ್ಲಿಯೇ ಇದ್ದುದರಿಂದ ಆ ಹೈಕೋರ್ಟಿನ ಮಾತು ಗದಗಿನ ಮನೆಗಳಿಗೂ ಅನ್ವಯಿಸುವಂಥದು. ‘ಒಲ್ಲೆ’ ಎಂಬ ಒಂದು ಶಬ್ದದ ಬೆಲೆಯನ್ನು ರಾಣಿಯ ಕಾಲವು ಹೀಗೆ ತಿಂಗಳುಗಳಲ್ಲಿಯೂ ರೂಪಾಯಿಗಳಲ್ಲಿಯೂ ಎಣಿಸಿ ಇಟ್ಟಿರುವಾಗ, ಆ ಕಾಲದ ಪ್ರಣಯಕಥೆಯಲ್ಲಿ ‘ಒಲಿದೆ’ ಎಂಬ ಮಾತನ್ನು ಮಾತ್ರ ಪುಕ್ಕಟೆಯಾಗಿ ಆಡಿಸುವದು ಸರಿಯಲ್ಲ.

ವೈಭವವೇ ಬೇಕೆನ್ನುವ ಲೇಖಕನಿಗೆ ವೈಭವದ ಕಥೆಯೂ ಕನ್ನಡ ನಾಡಿನಲ್ಲಿಯೇ ದೊರೆಯುವದು. ಕೊಡಗಿನ ಕೊನೆಯ ಅರಸು ಚಿಕವೀರರಾಜೇಂದ್ರನು 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿ ಸೇರಿದನು. ಕಂಪನಿಯಲ್ಲಿ ಸಿಕ್ಕಿಬಿದ್ದ ತನ್ನ ಹಣವನ್ನು ಬಿಡಿಸಿಕೊಳ್ಳುವದಕ್ಕಾಗಿ 1852ರಲ್ಲಿ ಇಂಗ್ಲಂಡಿಗೆ ಹೋದಾಗ, 1841ರಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನೂ ಕರೆದೊಯ್ದನು. ಅದೇ ವರ್ಷದ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ವಿಕ್ಟೋರಿಯಾ ಎಂಬ ತನ್ನ ಹೆಸರನ್ನು ಕೊಟ್ಟಳು. ಪಂಜಾಬದ ದುಲೀಪ ಸಿಂಹನೊಡನೆ ಅವಳ ಮದುವೆಯಾಗಲೆಂದು ರಾಣಿಗೆ ಆಸೆಯಿತ್ತು, ಅವನು ಒಪ್ಪಲಿಲ್ಲ. 1860ರಲ್ಲಿ ಗೌರಮ್ಮನು ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾದಳು. 1861ರಲ್ಲಿ ಒಬ್ಬ ಮಗಳನ್ನು ಹಡೆದಳು. 1864ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಕಣ್ಣು ಮುಚ್ಚಿದಳು.

ಅರಮನೆ, ಆಭರಣ, ಚಿತ್ರಕಾರರು, ರಾಜಕುಮಾರನೊಬ್ಬನು: ಪ್ರಣಯಕಾದಂಬರಿಯ ಸಿದ್ಧ ಸಾಮಗ್ರಿಯೆಲ್ಲವೂ ಇಲ್ಲಿರುವದು. ಇದರ ಅಪಾಯವೂ ಅದೇ. ಕೈಗೆಟಕುವ ಥಳಕಿಗೆ ಮರುಳಾದವನು ಇದರಿಂದ ಇನ್ನೊಂದು ಡ್ಯೂಕನ ಕಥೆಯನ್ನೇ ಹೊಸೆದಾನು. ಈ ಕಥೆಯ ನಿಜವಾದ ನೋವು ಬೇರೆ. ತಂದೆಯು ರಾಜ್ಯ ಮರಳಿ ಬಂದೀತೆಂಬ ಆಸೆಯಿಂದ, ರಾಣಿಯು ಧರ್ಮವು ಹಬ್ಬೀತೆಂಬ ಆಸೆಯಿಂದ, ಎಲ್ಲರೂ ಒಂದು ಹುಡುಗಿಯ ಮದುವೆಯನ್ನು ಯೋಚಿಸಿದರು. ಅವಳು ಆಡಿದ ಮೊದಲ ಭಾಷೆಯಲ್ಲಿ ಅವಳನ್ನು ಕೇಳುವವರು ಮಾತ್ರ ಅಲ್ಲಿ ಇರಲಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವು (1956) ಈ ಮನೆತನದ ಪತನವನ್ನು ಎಷ್ಟೊಂದು ಸಮಚಿತ್ತದಿಂದ ಹೇಳಿರುವದು! ಆದರೆ ಅದರ ಮುಖ್ಯ ಕಥೆಯು 1834ಕ್ಕೆ, ಎಂದರೆ ವಿಕ್ಟೋರಿಯಾಳು ಪಟ್ಟವೇರುವ ಮೂರು ವರ್ಷ ಮೊದಲೇ, ನಿಲ್ಲುವದು. ಅಲ್ಲಿಂದ ಮುಂದಿನ ದಾರಿಯು ಮಗಳದು. ಅದೇ ಸಮಚಿತ್ತವು ಆ ದಾರಿಯಲ್ಲಿಯೂ ಬೇಕು.

ಕನ್ನಡ ಕಾದಂಬರಿಕಾರರು ಈ ಕಾಲವನ್ನು ದಾಟಿಹೋದದ್ದಕ್ಕೆ ಕಾರಣವಿಲ್ಲದಿಲ್ಲ. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಿದ್ದ ಕಾಲದಲ್ಲಿ, ಇತಿಹಾಸವೆಂದರೆ ಮಲಗಿದವರನ್ನು ಎಬ್ಬಿಸುವ ನಗಾರಿಯಾಗಿತ್ತು. ನಾಡು ಪರಾಧೀನವಾಗಿದ್ದ ಕಾಲವನ್ನು ಶೃಂಗಾರದ ರಂಗಭೂಮಿ ಮಾಡಿಕೊಳ್ಳುವದು ಆಗ ಅನುಚಿತವಾಗಿ ತೋರಿದ್ದು ಸಹಜ. ಆದರೆ ಹತ್ತಿರದ ಕಾಲವೂ ಕಾದಂಬರಿಗೆ ಒದಗುವದೆಂಬದನ್ನು ಎಂ. ಎಸ್. ಪುಟ್ಟಣ್ಣನವರು 1915ರಲ್ಲಿಯೇ, ಮುಮ್ಮಡಿ ಕೃಷ್ಣರಾಜರ ಕಾಲದ ಮೈಸೂರನ್ನು ‘ಮಾಡಿದ್ದುಣ್ಣೋ ಮಹಾರಾಯ’ದಲ್ಲಿ ತೋರಿಸಿ, ಸಿದ್ಧ ಮಾಡಿಟ್ಟರು. ಸ್ಕಾಟನು 1814ರಲ್ಲಿ ‘ವೇವರ್ಲಿ’ಯನ್ನು ಬರೆದಾಗ ಅರವತ್ತು ವರ್ಷಗಳ ಹಿಂದಿನ ಕಥೆಯೆಂದು ಅದಕ್ಕೆ ಉಪನಾಮವಿಟ್ಟನು. ಅಜ್ಜನ ನೆನಪಿಗೆ ಎಟಕುವ ಅಂತರ ಅದು. ರಾಣಿಯ ಕಾಲವು ಈಗ ಯಾವ ಅಜ್ಜನ ನೆನಪಿನಲ್ಲಿಯೂ ಉಳಿದಿಲ್ಲ. ಉಳಿದಿರುವದು ಕಾಗದಪತ್ರಗಳಲ್ಲಿ ಮತ್ತು ಹಾಡುಗಳಲ್ಲಿ.

ಹಾಡುಗಳೆಂದರೆ ಲಾವಣಿಗಳು. ಜೆ. ಎಫ್. ಫ್ಲೀಟನು ಈ ಸೀಮೆಯಲ್ಲಿ ಅಧಿಕಾರಿಯಾಗಿದ್ದಾಗ ಸಂಗೊಳ್ಳಿ ರಾಯಣ್ಣನ, ಹಲಗಲಿಯ ಬೇಡರ, ಸಂಗ್ಯಾನ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಪ್ರಕಟಿಸಿದನು. ಮೊದಲಿನವೆರಡು ವೀರಗಾಥೆಗಳು. ಮೂರನೆಯದು ಬೈಲಹೊಂಗಲದ ಸೀಮೆಯ ಪ್ರಣಯದ ಕಥೆ. ಮುಂದೆ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಉತ್ತರ ಕರ್ನಾಟಕದ ರಾತ್ರಿಗಳನ್ನೆಲ್ಲ ಎಚ್ಚರವಿಟ್ಟದ್ದು ಇದೇ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಗೆ ಸಂಗ್ಯಾನು ಮನಸೋಲುವನು, ಗೆಳೆಯ ಬಾಳ್ಯಾನು ಮೊದಲು ನೆರವಾಗಿ ಕೊನೆಗೆ ದ್ರೋಹ ಬಗೆಯುವನು, ಸಂಗ್ಯಾನ ಕೊಲೆಯಾಗುವದು. ಇಲ್ಲಿ ಡ್ಯೂಕನಿಲ್ಲ, ನೃತ್ಯಶಾಲೆಯಿಲ್ಲ. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಬೆಲೆಯನ್ನು ಕಡೆಯ ಕಾಸಿನವರೆಗೂ ತೆರುವರು. ರಾಣಿಯ ಕಾಲದ ಪ್ರಣಯಕಥೆಯ ಮಾದರಿಯನ್ನು ಹುಡುಕುವವನು ಲಂಡನ್ನಿಗೆ ಹೋಗುವ ಮೊದಲು ಬೈಲಹೊಂಗಲದಲ್ಲಿ ಒಂದು ರಾತ್ರಿ ಇಳಿದು ಹೋಗುವದು ಒಳ್ಳೆಯದು.

ಆ ಮೇಲೆ ಅವನು ಕೋಟುಮಚಗಿಗೆ ಮರಳಿದರೆ ತನ್ನ ಸುತ್ತಲಿನ ಸೀಮೆಯನ್ನೇ ಬೇರೆ ಕಣ್ಣಿನಿಂದ ನೋಡುವನು. ನರಗುಂದದ ಬಾಬಾಸಾಹೇಬನಿಗೆ ಮಕ್ಕಳಿರಲಿಲ್ಲ. ದತ್ತಕಕ್ಕೆ ಸರಕಾರವು ಒಪ್ಪಲಿಲ್ಲ. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಮ್ಯಾನ್‌ಸನ್ ಸಾಹೇಬನ ಕೊಲೆಯಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ದೇಶೀಯ ಅರಸರ ಹಕ್ಕುಗಳನ್ನು ಮನ್ನಿಸುವೆನೆಂದು ರಾಣಿಯ ಘೋಷಣೆಯು ಹೊರಟದ್ದು ಐದು ತಿಂಗಳೊಳಗೆ, ನವೆಂಬರ್ 1ರಂದು. ಮುಂಡರಗಿಯ ಭೀಮರಾಯನು ಅದೇ ಬೇಸಿಗೆಯಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದನು. ಬಾಬಾಸಾಹೇಬನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿದರೆಂದು ಜನರು ಹೇಳುವರು. ಇತಿಹಾಸಕಾರನು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವನು. ಮಗುವಿಲ್ಲದ ಆ ಗಂಡಹೆಂಡಿರು, ಮಗುವಿಲ್ಲದ್ದೇ ರಾಜ್ಯದ ಪ್ರಶ್ನೆಯಾಗಿ ಬೆಳೆಯುತ್ತ ಹೋದ ವರ್ಷಗಳಲ್ಲಿ, ಒಬ್ಬರನ್ನೊಬ್ಬರು ಹೇಗೆ ನೋಡಿದರೆಂಬದನ್ನು ಹೇಳತಕ್ಕವನು ಕಾದಂಬರಿಕಾರನೇ.

ಸಾಮಾನ್ಯರ ಮನೆಯಲ್ಲಿಯೂ ವಸ್ತುವಿಗೆ ಕೊರತೆಯಿಲ್ಲ. ಅಮೇರಿಕೆಯಲ್ಲಿ ಅಂತಃಕಲಹವು ನಡೆದ 1861ರಿಂದ 1865ರ ವರೆಗೆ ಈ ಎರೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಇಳಿದುಹೋಯಿತು. ಆ ನಾಲ್ಕು ವರ್ಷಗಳಲ್ಲಿ ನಿಶ್ಚಯವಾದ ಒಂದು ಮದುವೆಯು ಐದನೆಯ ವರ್ಷಕ್ಕೆ ಮುಂದೆ ಹೋದರೆ ಏನಾದೀತು? 1877ರ ಜನವರಿ 1ರಂದು ದಿಲ್ಲಿಯ ದರಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದಾಗ ಧಾರವಾಡ ಜಿಲ್ಲೆಯು ಧಾತು ಸಂವತ್ಸರದ ಬರದಲ್ಲಿ ಬೇಯುತ್ತಿತ್ತು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಬಂದ ಎರಡು ಬೇರೆ ಕುಲದ ಹರೆಯದವರು ಒಂದೇ ಸಾಲಿನಲ್ಲಿ ಕೂಡ್ರುವಂತಾದದ್ದು ಕಾದಂಬರಿಕಾರನ ಕಣ್ಣಿಗೆ ಬೀಳಬೇಡವೆ? 1880ರ ದಶಕದಲ್ಲಿ ಗದಗಿಗೆ ಉಗಿಬಂಡಿ ಬಂದಿತು. ಓಡಿಹೋಗುವದಕ್ಕೆ ಮೊದಲ ಬಾರಿ ಗಾಡಿಯ ವೇಳೆ ಗೊತ್ತಾಯಿತು. ರಾಣಿಯ ಕೊನೆಯ ವರ್ಷಗಳಲ್ಲಿ ಪ್ಲೇಗು ಬಂದು ಊರುಗಳು ಹೊಲದ ಗುಡಿಸಲುಗಳಿಗೆ ಎದ್ದುಹೋದವು. ಗೋಡೆಗಳಿಲ್ಲದ ಆ ದಿನಗಳಲ್ಲಿ ಯಾರು ಯಾರನ್ನು ಕಂಡರೋ!

ವಿವರಗಳಲ್ಲಿ ಎಚ್ಚರ ಬೇಕೆಂಬದನ್ನು ಹೇಳಬೇಕಾಗಿಲ್ಲ. ದೂರವೆಷ್ಟಿದ್ದರೂ ಹಗುರಾದ ಕಾಗದಕ್ಕೆ ಅರ್ಧ ಆಣೆಯೆಂಬ ಟಪಾಲಿನ ದರವು ಬಂದದ್ದು 1854ರಲ್ಲಿ. ಅದಕ್ಕೆ ಮೊದಲು ಪ್ರೇಮಪತ್ರವು ಬಡವನ ಕೈಗೆಟಕುವ ಮಾತಲ್ಲ. ಅಂದಿನ ಧಾರವಾಡದಲ್ಲಿ ಕಾರಕೂನನೊಬ್ಬನು ಪತ್ರ ಬರೆದರೆ ಅದು ಮೋಡಿಯ ಮರಾಠಿಯಲ್ಲಿರುವ ಸಂಭವವೇ ಹೆಚ್ಚು. ಕನ್ನಡ ಶಾಲೆಗಳಿಗೆ ಜೀವ ತುಂಬಿದ ಡೆಪ್ಯುಟಿ ಚನ್ನಬಸಪ್ಪನವರ ಕಾಲ ಇನ್ನೂ ಬರಬೇಕಾಗಿತ್ತು. ಓದು ಬಾರದ ಹುಡುಗಿಯು ತನಗೆ ಬಂದ ಓಲೆಯನ್ನು ಮೂರನೆಯವರಿಂದ ಓದಿಸಿಕೊಳ್ಳಬೇಕು. ಡ್ಯೂಕನ ಕಥೆಯಲ್ಲಿ ಸಿಕ್ಕದ ಇಕ್ಕಟ್ಟು ಇದು.

ಎಲ್ಲಕ್ಕೂ ಹೆಚ್ಚಿನ ಎಚ್ಚರವು ಮಾತಿನಲ್ಲಿ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯವನ್ನು ಆ ಕಾಲದ ಕೋಟುಮಚಗಿಯ ನಾಯಕಿಯ ಬಾಯಲ್ಲಿ ಹಾಕಿದ ಕ್ಷಣವೇ ಕಾದಂಬರಿಯು ಸತ್ತುಹೋಗುವದು. ಗಂಡನ ಹೆಸರನ್ನೇ ಹೇಳದ ಕಾಲವದು. ಆದರೆ ಹೇಳುವ ದಾರಿಯೊಂದನ್ನು ಅದೇ ಕಾಲವು ಇಟ್ಟುಕೊಂಡಿತ್ತು: ಒಡಪು. ಮದುವೆಯ ಮನೆಯಲ್ಲಿ ಹೆಂಗಳೆಯರು ಸುತ್ತುಗಟ್ಟಿ ಕಾಡಿದಾಗ ಹೊಸ ಸೊಸೆಯು ಪ್ರಾಸ ಕೂಡಿಸಿ, ಆ ಪ್ರಾಸದ ಮರೆಯಲ್ಲಿ, ಗಂಡನ ಹೆಸರನ್ನು ಒಮ್ಮೆ ಆಡುವಳು. ಒಲ್ಲದ ಗಂಡನ ಹೆಸರಾದರೆ ಅದೇ ಒಡಪು ಗಂಟಲಲ್ಲಿ ಸಿಕ್ಕೀತು. ಒಲಿದದ್ದು ಇನ್ನೊಬ್ಬನನ್ನಾದರೆ, ಪ್ರಾಸ ಕೂಡಿಸುವಾಗ ತುಟಿಗೆ ಬಂದ ಹೆಸರು ಯಾವದು? ಸುತ್ತ ನಿಂತವರಲ್ಲಿ ಅದನ್ನು ಗುರುತಿಸಿದವಳು ಯಾರು? ಅವಳು ಆಮೇಲೆ ಅದನ್ನು ಯಾರಿಗೆ ಹೇಳಿದಳು?

ಕೋಟುಮಚಗಿಯ ಲೇಖಕನು ತನ್ನ ಮೇಜಿನ ಮೇಲಿನ ಡ್ಯೂಕನ ಕಥೆಯನ್ನು ಓದಬಾರದೆಂದಲ್ಲ. ಓದಿ ಮುಚ್ಚಿಟ್ಟು, ಆ ಒಡಪಿನ ಮುಂದೆ ಅರೆಗಳಿಗೆ ತಡವರಿಸಿ ನಿಂತ ಹುಡುಗಿಯ ಕಡೆಗೆ ತಿರುಗಲಿ. ಅವಳು ಏನು ಕಳೆದುಕೊಳ್ಳುವಳೆಂಬದನ್ನು, ಹೊಲ, ತವರು, ಹೆಸರು, ಮರ್ಯಾದೆ ಎಂದು ಒಂದೊಂದಾಗಿ ಲೆಕ್ಕ ಹಾಕಲಿ. ಆ ಲೆಕ್ಕವು ತಪ್ಪದಿದ್ದರೆ ಕಾ��ದಂಬರಿಯು ತಪ್ಪದು.